ಮಗಳಿಗೊಂದು ಪತ್ರ: ಹೊಸ ಫೋನ್ ಕೊಳ್ಳುವ ಮೊದಲು

ಪ್ರೀತಿಯ ಮಗಳೇ,

ಚಾರ್ಜ್ ಸರಿಯಾಗಿ ಏರುತ್ತಿಲ್ಲ, ಏರಿದರೂ ಮಧ್ಯಾಹ್ನದ ಹೊತ್ತಿಗೆ ಖಾಲಿ, ಹಾಗಾಗಿ ಹೊಸ ಫೋನೇ ಬೇಕು ಅಂತ ಬರೆದಿದ್ದೀಯ. ಇವು ಎರಡು ಬೇರೆ ಬೇರೆ ಕಾಯಿಲೆ ಕಣಮ್ಮ. ಎರಡಕ್ಕೂ ಮದ್ದಿದೆ.

ಮೊದಲು ಚಾರ್ಜಿಂಗ್ ಪೋರ್ಟ್ ನೋಡು. ಕೇಬಲ್ ಪೂರ್ತಿ ಒಳಗೆ ಕೂರದೆ ಒಂದು ಎಳೆಯಷ್ಟು ಹೊರಗೇ ನಿಂತು ಅಲ್ಲಾಡುತ್ತಿದ್ದರೆ, ಒಳಗೆ ಜೇಬಿನ, ಬ್ಯಾಗಿನ ನೂಲುಧೂಳು ಸೇರಿದೆ ಅಂತಲೇ ಲೆಕ್ಕ. ಪ್ರತಿ ಸಲ ಕೇಬಲ್ ಚುಚ್ಚಿದಾಗಲೂ ಅದು ಒತ್ತಿಕೊಂಡು ಒತ್ತಿಕೊಂಡು ಬಿಲ್ಲೆಯ ಹಾಗೆ ಗಟ್ಟಿಯಾಗಿರುತ್ತದೆ. ಫೋನ್ ಸ್ವಿಚ್ ಆಫ್ ಮಾಡಿ, ಟಾರ್ಚ್ ಹಿಡಿದು ನೋಡು. ಟೈಪ್-ಸಿ ಪೋರ್ಟಿನ ನಡುವೆ ತೆಳ್ಳಗಿನ ನಾಲಿಗೆಯಿದೆ, ಪಿನ್ನುಗಳೆಲ್ಲ ಅದರ ಮೇಲೇ ಇರುವುದು. ಅದಕ್ಕೆ ತಾಗಿಸದೆ, ಗೋಡೆಯ ಬದಿಯಿಂದ ಮರದ ಹಲ್ಲುಕಡ್ಡಿ ಇಳಿಸಿ ಮೆಲ್ಲಗೆ ಹೊರಕ್ಕೆ ಎಳೆ. ಸೂಜಿ, ಸೇಫ್ಟಿ ಪಿನ್ ಬೇಡವೇ ಬೇಡ, ಶಾರ್ಟ್ ಆಗುತ್ತದೆ. ಬಾಯಿಂದ ಊದಲೂಬೇಡ, ಎಂಜಲಿನ ತೇವ ಒಳಗೆ ಹೋಗುತ್ತದೆ.

ಆಮೇಲೂ ಚಾರ್ಜ್ ನಿಧಾನವಾದರೆ ಬೇರೆ ಕೇಬಲ್ ಹಾಕಿ ನೋಡು. ಟೈಪ್-ಸಿ ಕೇಬಲ್‌ಗಳು ನೋಡಲು ಅವಳಿ-ಜವಳಿ, ಗುಣ ಮಾತ್ರ ಬೇರೆ. ಎರಡೂ ತುದಿ ಟೈಪ್-ಸಿ ಇರುವ ಮಾಮೂಲಿ ಕೇಬಲ್ 3 ಆಂಪಿಯರ್, ಅಂದರೆ 60 ವ್ಯಾಟ್‌ವರೆಗೆ. 5 ಆಂಪಿಯರ್ ಬೇಕಾದರೆ ಕೇಬಲ್‌ನೊಳಗೆ ಪುಟ್ಟ ಚಿಪ್ ಇರಬೇಕು. ಅಂದಹಾಗೆ, ಲ್ಯಾಪ್‌ಟಾಪಿಗೆ ಫೋಟೊ ಸಾಗಿಸಲು ಗಂಟೆಗಟ್ಟಲೆ ಕಾಯುತ್ತೀಯಲ್ಲ, ಅದಕ್ಕೂ ಹಲವು ಸಲ ಕೇಬಲ್ಲೇ ಕಾರಣ: ಚಾರ್ಜಿಂಗಿಗೆಂದು ಕೊಡುವ ಬಹುಪಾಲು ಕೇಬಲ್‌ಗಳ ಡೇಟಾ ವೇಗ ಹಳೆಯ ಯುಎಸ್‌ಬಿ 2.0ರದ್ದೇ, ಸೆಕೆಂಡಿಗೆ 480 ಮೆಗಾಬಿಟ್.

ಇನ್ನು ಬ್ಯಾಟರಿ. 30 ಶೇಕಡಾ ತೋರಿಸುತ್ತಿದ್ದ ಫೋನ್ ಕ್ಯಾಮೆರಾ ತೆರೆದ ಕೂಡಲೇ ಪಟ್ಟನೆ ಆಫ್ ಆಗುತ್ತಿದೆಯಾ? ಹಾಗಿದ್ದರೆ ಬ್ಯಾಟರಿಗೆ ವಯಸ್ಸಾಗಿದೆ. ಒಳಗಿನ ಪ್ರತಿರೋಧ ಹೆಚ್ಚಿರುತ್ತದೆ, ಒಮ್ಮೆಲೇ ಹೆಚ್ಚು ಕರೆಂಟ್ ಎಳೆದರೆ ವೋಲ್ಟೇಜ್ ಕುಸಿಯುತ್ತದೆ. ಕೆಲವು ಫೋನ್‌ಗಳ ಸೆಟ್ಟಿಂಗ್ಸ್‌ನಲ್ಲೇ ಬ್ಯಾಟರಿಯ ಆರೋಗ್ಯ ಕಾಣಿಸುತ್ತದೆ. 80ಕ್ಕಿಂತ ಕೆಳಗಿದ್ದರೆ ಬದಲಿಸುವ ಕಾಲ ಬಂತು, ಫೋನನ್ನಲ್ಲ, ಬ್ಯಾಟರಿಯನ್ನು. ಬ್ಯಾಟರಿಯ ಬಳಕೆಯನ್ನು ಚಾರ್ಜ್ ಸೈಕಲ್‌ಗಳಲ್ಲಿ ಎಣಿಸುತ್ತಾರೆ. ಸೈಕಲ್ ಅಂದರೆ ಪ್ಲಗ್ ಹಾಕಿದ ಲೆಕ್ಕವಲ್ಲ. ಇವತ್ತು ಅರ್ಧ, ನಾಳೆ ಅರ್ಧ ಖರ್ಚಾದರೆ ಸೇರಿ ಒಂದು ಸೈಕಲ್. ಐಫೋನ್ 14ರವರೆಗಿನವಕ್ಕೆ 500 ಸೈಕಲ್, 15ರಿಂದ 1000 ಸೈಕಲ್ ಆದಾಗ ಮೂಲ ಸಾಮರ್ಥ್ಯದ 80 ಶೇಕಡಾ ಉಳಿಯುವಂತೆ ರೂಪಿಸಿದ್ದೇವೆ ಅನ್ನುತ್ತದೆ ಆ್ಯಪಲ್.

ಬ್ಯಾಟರಿಯನ್ನು ಬೇಗ ಮುದಿ ಮಾಡುವುದು ಬಿಸಿ. ಚಾರ್ಜಿಗೆ ಹಾಕಿ ದಿಂಬಿನಡಿ ಇಡುವುದು, ಚಾರ್ಜ್ ಆಗುತ್ತಿರುವಾಗಲೇ ಗಂಟೆಗಟ್ಟಲೆ ವಿಡಿಯೊ ಕಾಲ್, ಇವೆರಡನ್ನು ಬಿಟ್ಟರೆ ಸಾಕು. ಚಾರ್ಜನ್ನು 80 ಶೇಕಡಾಕ್ಕೆ ನಿಲ್ಲಿಸುವ ಸೌಲಭ್ಯ ಫೋನಿನಲ್ಲಿದ್ದರೆ ಆನ್ ಮಾಡಿಬಿಡು. ಶೇಕಡಾವಾರು ನೋಡುತ್ತಾ ಕೂತು ಪ್ಲಗ್ ಕೀಳುವ ಗೀಳು ಮಾತ್ರ ಬೇಡ, ಫೋನ್ ನಮ್ಮ ಕೆಲಸಕ್ಕಿರುವುದು.

ಪರದೆ ಅಂಚಿನಲ್ಲಿ ಮೇಲೆದ್ದಿದ್ದರೆ ಅಥವಾ ಹಿಂಬದಿ ಉಬ್ಬಿದ್ದರೆ ಮಾತ್ರ ತಡಮಾಡಬೇಡ. ಚಾರ್ಜ್ ಹಾಕದೆ, ಒತ್ತದೆ ನೇರ ಸರ್ವಿಸ್ ಸೆಂಟರಿಗೆ ಒಯ್ಯಿ.

ಹೊಸದು ಕೊಳ್ಳಲು ನಾನು ಒಪ್ಪುವ ಕಾರಣ ಒಂದೇ: ಸೆಕ್ಯುರಿಟಿ ಅಪ್‌ಡೇಟ್, ಅಂದರೆ ಫೋನಿನ ಸುರಕ್ಷತೆಯ ಲೋಪ ಮುಚ್ಚಲು ಕಂಪನಿ ಕಳಿಸುವ ತಿದ್ದುಪಡಿ, ನಿಂತಿರುವುದು. ಸೆಟ್ಟಿಂಗ್ಸ್‌ನಲ್ಲಿ ಅಬೌಟ್ ಫೋನ್‌ಗೆ ಹೋಗಿ ಆಂಡ್ರಾಯ್ಡ್ ಆವೃತ್ತಿ ಒತ್ತು, ಆ ಅಪ್‌ಡೇಟಿನ ತಾರೀಖು ಕಾಣುತ್ತದೆ. ಅದು ವರ್ಷದ ಹಿಂದೆಯೇ ನಿಂತಿದ್ದು, ಹೊಸ ಅಪ್‌ಡೇಟೂ ಬರುತ್ತಿಲ್ಲವಾದರೆ ಬ್ಯಾಂಕಿನ ವ್ಯವಹಾರ ಆ ಫೋನಿನಲ್ಲಿ ಬೇಡ. ಕೊಳ್ಳುವಾಗಲೂ ಕ್ಯಾಮೆರಾದ ಮೆಗಾಪಿಕ್ಸೆಲ್‌ಗಿಂತ ಮೊದಲು ಅಪ್‌ಡೇಟ್ ಎಷ್ಟು ವರ್ಷ ಅಂತ ಕೇಳು. 2023ರ ಗೂಗಲ್ ಪಿಕ್ಸೆಲ್ 8, 2024ರ ಸ್ಯಾಮ್‌ಸಂಗ್ ಗ್ಯಾಲಕ್ಸಿ ಎಸ್24 ಫೋನ್‌ಗಳು ಬಂದಾಗಲೇ 7 ವರ್ಷದ ಅಪ್‌ಡೇಟಿನ ಮಾತು ಕೊಟ್ಟಿದ್ದವು.

ಬ್ಯಾಟರಿ ಬದಲಿಸಲು ಕೊಡುವ ಮುನ್ನ ಬ್ಯಾಕಪ್ ಮಾಡಿ, ಸಿಮ್ ತೆಗೆದಿಟ್ಟುಕೋ. ಬಿಚ್ಚಿದ ಫೋನಿನ ಅಂಚಿಗೆ ಹೊಸ ಅಂಟು ಹಾಕಿದರೂ ನೀರು ತಡೆಯುವ ಗುಣ ಮೊದಲಿನಷ್ಟೇ ಇರುತ್ತದೆ ಅಂತ ನಂಬಬೇಡ. ಮಳೆಯಲ್ಲಿ ರೀಲ್ಸ್ ಮಾಡುವ ನಿನ್ನ ಚಪಲಕ್ಕೆ ಇದನ್ನು ಹೇಳಿದ್ದು.

ಇಂತಿ,
ಅಪ್ಪ