ಲ್ಯಾಪ್‌ಟಾಪ್ ಮುಚ್ಚಿದರೆ ನಿಲ್ಲುವ ಸರ್ವರ್

ಮಾನ್ಯ ಸಂಪಾದಕರಿಗೆ,

ಇಂಜಿನಿಯರಿಂಗ್ ವಿದ್ಯಾರ್ಥಿಗಳ ಪ್ರಾಜೆಕ್ಟ್ ಪರೀಕ್ಷೆಗಳಲ್ಲಿ ವರ್ಷವರ್ಷವೂ ಮರುಕಳಿಸುವ ಒಂದು ಎಡವಟ್ಟಿನ ಬಗ್ಗೆ ಈ ಪತ್ರ. ಆ್ಯಪ್ ಕಟ್ಟುವ ತಂಡಕ್ಕೆ ನಿಜವಾದ ಸರ್ವರ್ ಸಿದ್ಧವಾಗಿಲ್ಲದಾಗ, ಆ್ಯಪ್ ಕೇಳಿದ್ದಕ್ಕೆ ಮೊದಲೇ ಬರೆದಿಟ್ಟ ಉತ್ತರಗಳನ್ನು ಕೊಡುವ ಮಾಕ್ ಎಪಿಐ (ಅಣಕು) ಸರ್ವರನ್ನು ಲ್ಯಾಬಿನ ಲಿನಕ್ಸ್ ಕಂಪ್ಯೂಟರಿನಲ್ಲಿ ನಡೆಸುವುದು ವಾಡಿಕೆ. ಕಳೆದ ವರ್ಷ ನಮ್ಮ ತಂಡವೊಂದು ಜೇಸನ್ ಸರ್ವರ್ ಎಂಬ ಇಂಥ ಮಾಕ್ ಸರ್ವರನ್ನು ಎಸ್‌ಎಸ್‌ಎಚ್ (ದೂರದಿಂದ ಕಂಪ್ಯೂಟರಿಗೆ ಆದೇಶ ಕೊಡುವ ಸಂಪರ್ಕ) ಮೂಲಕ ಶುರುಮಾಡಿ, ಲ್ಯಾಪ್‌ಟಾಪ್ ಮುಚ್ಚಿ ಊಟಕ್ಕೆ ಹೋಯಿತು. ಮಧ್ಯಾಹ್ನ ಪರೀಕ್ಷಕರೆದುರು ಆ್ಯಪ್ ತೆರೆದರೆ ‘ಕನೆಕ್ಷನ್ ರೆಫ್ಯೂಸ್ಡ್’ ಎಂಬ ಸಾಲೊಂದೇ ಬಂತು. ಟರ್ಮಿನಲ್ ಸಂಪರ್ಕ ಕಡಿದಾಗ ಅದರಡಿ ನಡೆಯುತ್ತಿದ್ದ ಸರ್ವರೂ ನಿಂತಿತ್ತು.

ಇದಕ್ಕೆ, ಟರ್ಮಿನಲ್ ಮುಚ್ಚಿದರೂ ಪ್ರೋಗ್ರಾಂ ನಿಲ್ಲದಂತೆ ಮಾಡುವ ‘ನೋಹಪ್’ ಆದೇಶ ಸಾಕೆನ್ನುವವರಿದ್ದಾರೆ. ಕರೆಂಟ್ ಹೋಗಿ ಬಂದ ಮೇಲೆ ಸರ್ವರನ್ನು ಎಬ್ಬಿಸುವವರು ಯಾರು ಎಂಬ ಪ್ರಶ್ನೆಗೆ ಅವರಲ್ಲಿ ಉತ್ತರವಿಲ್ಲ. ಉಬುಂಟು, ಡೆಬಿಯನ್‌ಗಳಲ್ಲಿ 2015ರಿಂದಲೂ ತಾನಾಗಿಯೇ ಬರುವ, ಹಿನ್ನೆಲೆಯ ಪ್ರೋಗ್ರಾಂಗಳನ್ನು ನಿರ್ವಹಿಸುವ ಸಿಸ್ಟಮ್‌ಡಿಗೆ ಹತ್ತು ಸಾಲಿನ ಯೂನಿಟ್ ಫೈಲೊಂದನ್ನು (ಸೂಚನಾಪಟ್ಟಿ) ಬರೆದುಕೊಟ್ಟರೆ, ಕಂಪ್ಯೂಟರ್ ಚಾಲೂ ಆದಾಗ ಸರ್ವರನ್ನು ಹೊರಡಿಸುವ, ಅದು ಕೆಟ್ಟು ನಿಂತರೆ ಮತ್ತೆ ಎಬ್ಬಿಸುವ, ಅದರ ಮಾತುಗಳನ್ನೆಲ್ಲ ಜರ್ನಲ್‌ನಲ್ಲಿ ದಾಖಲಿಸುವ ಕೆಲಸವನ್ನು ಅದೇ ನೋಡಿಕೊಳ್ಳುತ್ತದೆ.

ವಿದ್ಯಾರ್ಥಿಗಳು ಮುಗ್ಗರಿಸುವುದು ಆ ಹತ್ತು ಸಾಲಿನಲ್ಲೇ. ಟರ್ಮಿನಲ್‌ನಲ್ಲಿ ಸಲೀಸಾಗಿ ಓಡುವ ಆದೇಶ, ಸಿಸ್ಟಮ್‌ಡಿ ನಡೆಸುವ ಸರ್ವಿಸ್ ಆದೊಡನೆ 203 (ಪ್ರೋಗ್ರಾಂ ಓಡಿಸಲಾಗಲಿಲ್ಲ) ಎಂಬ ದೋಷಸಂಖ್ಯೆ ಕೊಟ್ಟು ಬೀಳುತ್ತದೆ. ಜೇಸನ್ ಸರ್ವರನ್ನು ಓಡಿಸುವ ನೋಡ್ ಎಂಬ ಪ್ರೋಗ್ರಾಂ, ಎನ್‌ವಿಎಂ ಎಂಬ ಸಲಕರಣೆಯ ಮೂಲಕ ಹಾಕಿಕೊಂಡರೆ, ಇರುವುದು ಬಳಕೆದಾರರ ಹೋಮ್ ಫೋಲ್ಡರಿನಲ್ಲಿ, ನೋಡ್ ಎಲ್ಲಿದೆಯೆಂದು ಟರ್ಮಿನಲ್‌ಗೆ ತಿಳಿಸುವ ಅಲ್ಲಿನ ಬ್ಯಾಷ್‌ಆರ್‌ಸಿ ಫೈಲನ್ನು ಸಿಸ್ಟಮ್‌ಡಿ ಓದುವುದಿಲ್ಲ. ಹಾಗಾಗಿ ಏನನ್ನು ಓಡಿಸಬೇಕೆಂದು ಹೇಳುವ ‘ಎಕ್ಸೆಕ್‌ಸ್ಟಾರ್ಟ್’ ಸಾಲಿನಲ್ಲಿ ನೋಡ್‌ನ ಪೂರ್ಣ ಪಾಥ್ (ಅದಿರುವ ಫೋಲ್ಡರಿನ ವಿಳಾಸ) ಕೊಡಲೇಬೇಕು. (ಇದನ್ನು ತಿಳಿಯಲು ನನಗೂ ಅರ್ಧ ದಿನ ಹಿಡಿದಿತ್ತು.) ಹಿಂದೆ ಕೈಯಿಂದ ಶುರುಮಾಡಿ ಮರೆತ ಸರ್ವರ್ 3000ನೇ ಪೋರ್ಟನ್ನು (ಸರ್ವರನ್ನು ತಲುಪುವ ಬಾಗಿಲ ಸಂಖ್ಯೆ) ಹಿಡಿದುಕೊಂಡಿದ್ದರೆ ಹೊಸದು ಏಳುತ್ತಲೇ ಬೀಳುತ್ತದೆ, 10 ಸೆಕೆಂಡಿನೊಳಗೆ 5 ಸಲ ಹೀಗಾದರೆ ಸಿಸ್ಟಮ್‌ಡಿ ಕೈಚೆಲ್ಲುತ್ತದೆ. ಮರುಪ್ರಯತ್ನಗಳ ನಡುವೆ 5 ಸೆಕೆಂಡಿನ ಬಿಡುವು ಬರೆದಿಟ್ಟರೆ, ಹಳೆಯದನ್ನು ನಿಲ್ಲಿಸಿದೊಡನೆ ಹೊಸದು ತಾನೇ ಎದ್ದುಕೊಳ್ಳುತ್ತದೆ.

ಯಾವ ಬಳಕೆದಾರರ ಹೆಸರಿನಲ್ಲಿ ಓಡಬೇಕೆಂದು ಹೇಳುವ ‘ಯೂಸರ್’ ಸಾಲು ಬಿಟ್ಟುಹೋದರಂತೂ ಈ ಮಾಕ್ ಸರ್ವರ್ ರೂಟ್ ಅಧಿಕಾರದಲ್ಲಿ, ಅಂದರೆ ಕಂಪ್ಯೂಟರಿನ ಮೇಲೆ ಪೂರ್ಣ ಹಿಡಿತದೊಂದಿಗೆ, ಓಡುತ್ತದೆ. ಲ್ಯಾಬಿನ ನೆಟ್‌ವರ್ಕಿಗೆ ತೆರೆದುಕೊಂಡ ಕಂಪ್ಯೂಟರಿನಲ್ಲಿ ಇದು ಸಣ್ಣ ತಪ್ಪಲ್ಲ.

ಲ್ಯಾಬ್ ಕೈಪಿಡಿಗಳಲ್ಲಿ ಯೂನಿಟ್ ಫೈಲ್ ಬರೆಯುವ ಅಭ್ಯಾಸಕ್ಕೆ ಒಂದು ಪುಟ ಮೀಸಲಿಡಬೇಕೆಂದು ಪಠ್ಯ ರೂಪಿಸುವವರನ್ನು ತಮ್ಮ ಪತ್ರಿಕೆಯ ಮೂಲಕ ಕೋರುತ್ತೇನೆ.

– ಲ್ಯಾಬ್ ಬೋಧಕ, ತುಮಕೂರು