ಮಂಗನ ಕಾಯಿಲೆ: ಮರೆತುಹೋದ ಅರ್ಧ ಕಾರಣ

ಮಾನ್ಯ ಸಂಪಾದಕರೇ,

ಬೇಸಿಗೆ ಹತ್ತಿರವಾದಂತೆ ಮಲೆನಾಡಿನ ಸುದ್ದಿಪುಟಗಳಲ್ಲಿ ‘ಸತ್ತ ಮಂಗ ಪತ್ತೆ, ಗ್ರಾಮಸ್ಥರಲ್ಲಿ ಆತಂಕ’ ಎಂಬ ಶೀರ್ಷಿಕೆ ವರ್ಷವೂ ಕಾಣುತ್ತದೆ. ಉಣುಗು ಕಚ್ಚಿದರೆ ಮಂಗನ ಕಾಯಿಲೆ ಬರುತ್ತದೆ, ಕಾಡಿಗೆ ಹೋಗುವವರು ಉಣುಗು ಹತ್ತದಂತೆ ತಡೆಯುವ ಡೆಪಾ ಎಣ್ಣೆ ಹಚ್ಚಿಕೊಳ್ಳಬೇಕು ಎಂಬಲ್ಲಿಗೆ ವರದಿ ಮುಗಿಯುತ್ತದೆ. ಹೇಳಿದ್ದೆಲ್ಲ ಸರಿಯೇ. ಆದರೆ ಈ ಕಾಯಿಲೆಯ ಮೂಲ ಹುಡುಕಿಕೊಂಡು ನಮ್ಮ ಕಾಡಿಗೆ ಬಂದ ವಿಜ್ಞಾನಿಗಳು ಉಣುಗಿಗೇ ನಿಲ್ಲಲಿಲ್ಲ. ಅವರು ಕಂಡುಕೊಂಡ ಇನ್ನರ್ಧವನ್ನು ನಾವು ಕೈಬಿಟ್ಟಿದ್ದೇವೆಂಬ ಸಂಕಟ ನನ್ನದು.

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮುಸಿಯ, ಮಂಗಗಳು ಸಾಲುಸಾಲಾಗಿ ಸತ್ತವು. ಸುತ್ತಲ ಹಳ್ಳಿಗಳ ಜನ ಜ್ವರ ಹಿಡಿದು ಮಲಗಿದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದಿಂದ ಟೆಲ್ಫರ್ಡ್ ವರ್ಕ್ ಅವರ ತಂಡ ಇಲ್ಲಿಗೆ ಧಾವಿಸಿತು. ಅವರನ್ನು ಕಾಡಿದ್ದು ಸೊಳ್ಳೆಯಿಂದ ಹರಡುವ ಯೆಲ್ಲೋ ಫೀವರ್‌ನ ಭಯ. ದಕ್ಷಿಣ ಅಮೆರಿಕದ ಕಾಡುಗಳಲ್ಲಿ ಮಂಗಗಳು ಸಾಯತೊಡಗಿದವೆಂದರೆ ಊರಿಗೂ ಆ ಜ್ವರ ಬಂತೆಂದೇ ಲೆಕ್ಕ. ಏಷ್ಯಾಕ್ಕೆ ಅದು ಕಾಲಿಟ್ಟಿರಲಿಲ್ಲ. ಅದನ್ನು ಹರಡಬಲ್ಲ ಸೊಳ್ಳೆ ಮಾತ್ರ ನಮ್ಮ ಊರೂರಿನಲ್ಲಿ ಇತ್ತು.

ಸತ್ತ ಮಂಗಗಳಿಂದಲೂ ರೋಗಿಗಳ ರಕ್ತದಿಂದಲೂ ತೆಗೆದ ಮಾದರಿಗಳನ್ನು ಇಲಿಮರಿಗಳಿಗೆ ಚುಚ್ಚಿ ವೈರಸ್ ಬೇರ್ಪಡಿಸಿದರು. ಅದು ಯೆಲ್ಲೋ ಫೀವರ್ ಆಗಿರಲಿಲ್ಲ. ರಷ್ಯಾದ ಕಾಡುಗಳಲ್ಲಿ ಮಿದುಳು ಜ್ವರ ತರುವ ವೈರಸ್ಸಿನ ದಾಯಾದಿ ಅದು! ಆ ರಷ್ಯನ್ ಜ್ವರ ಹರಡುವುದು ಉಣುಗಿನಿಂದ. ಹಾಗಾಗಿ ಸೊಳ್ಳೆಯ ಮೇಲಿದ್ದ ಕಣ್ಣು ನೆಲದ ತರಗೆಲೆಯ ಮೇಲೆ ಬಿತ್ತು. ಬಟ್ಟೆಯ ತುಂಡೊಂದನ್ನು ಕಾಡಿನ ನೆಲದ ಮೇಲೆ ಮೆಲ್ಲಗೆ ಎಳೆಯುತ್ತ ಹೋಗುವುದು, ಹತ್ತಿದ ಉಣುಗುಗಳನ್ನು ಒಂದೊಂದಾಗಿ ಚಿಮುಟದಿಂದ ಹೆಕ್ಕಿ ಸೀಸೆಗೆ ಹಾಕುವುದು, ಜಾತಿ ಗುರುತಿಸಿ ಪರೀಕ್ಷೆಗೆ ಕಳಿಸುವುದು, ಇದೇ ಕೆಲಸ. ಹಿಮಾಫೈಸಾಲಿಸ್ ಸ್ಪಿನಿಜೆರಾ ಎಂಬ ಉಣುಗು ಮುಖ್ಯ ವಾಹಕವೆಂದು ಗೊತ್ತಾದದ್ದು ಇಂಥ ತಾಳ್ಮೆಯಿಂದ.

ಆದರೆ ಇಲ್ಲಿಯೇ ಏಕೆ, ಈಗಲೇ ಏಕೆ? ಈ ಪ್ರಶ್ನೆ ಸುಲಭಕ್ಕೆ ಬಗೆಹರಿಯಲಿಲ್ಲ. ರಷ್ಯಾದ ನಂಟು ಕಂಡದ್ದರಿಂದ ವಲಸೆ ಹಕ್ಕಿಗಳ ಮೇಲೆ ಗುಮಾನಿ ಬಂತು. ಪಕ್ಷಿತಜ್ಞ ಸಲೀಂ ಅಲಿಯವರ ಮುಂದಾಳತ್ವದಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯು ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಹಕ್ಕಿಗಳ ಕಾಲಿಗೆ ಉಂಗುರ ತೊಡಿಸುವ ದೊಡ್ಡ ಕೆಲಸಕ್ಕೆ ಕೈಹಾಕಿತು. ಹಕ್ಕಿಗಳ ಬಗ್ಗೆ ಅಪಾರ ತಿಳಿವಳಿಕೆ ಸಿಕ್ಕಿತು, ಕಾಯಿಲೆ ತಂದದ್ದು ಅವೇ ಎನ್ನಲು ಗಟ್ಟಿ ಪುರಾವೆ ಸಿಗಲಿಲ್ಲ.

ಉತ್ತರದ ಹತ್ತಿರ ಬಂದವರು ಕೊಲಂಬಿಯಾದ ವಿಜ್ಞಾನಿ ಹೋರ್ಹೆ ಬೊಶೆಲ್. ತಮ್ಮ ದೇಶದಲ್ಲಿ ಯೆಲ್ಲೋ ಫೀವರ್‌ನ ಬೆನ್ನುಹತ್ತಿದ್ದಾಗ, ಮರ ಉರುಳಿದೊಡನೆ ತುದಿಕೊಂಬೆಗಳಲ್ಲಿದ್ದ, ಆ ಜ್ವರ ಹರಡುವ ನೀಲಿ ಸೊಳ್ಳೆಗಳು ಕೆಳಗಿಳಿದು ಮರ ಕಡಿಯುವವರನ್ನು ಮುತ್ತಿದ್ದನ್ನು ಅವರು ಕಂಡಿದ್ದರು. ಆ ಕಣ್ಣಿನಿಂದಲೇ ನಮ್ಮ ಕಾಡನ್ನೂ ನೋಡಿದರು. ಭತ್ತದ ಗದ್ದೆಗಾಗಿ ಕಾಡು ಕಡಿದಿದೆ. ಅಂಚಿನಲ್ಲಿ ಲಂಟಾನ ಪೊದೆ ಬೆಳೆದಿದೆ, ಅದರಲ್ಲಿ ಇಲಿ, ಹಕ್ಕಿ ಸೇರಿಕೊಂಡಿವೆ. ಅದೇ ಅಂಚಿನಲ್ಲಿ ದನಗಳು ಮೇಯುತ್ತವೆ. ಬಲಿತ ಉಣುಗು ದನದ ರಕ್ತ ಹೀರಿ ಉದುರಿ ಸಾವಿರಾರು ಮೊಟ್ಟೆ ಇಡುತ್ತದೆ. ಮರಿ ಉಣುಗುಗಳು ಸಣ್ಣ ಪ್ರಾಣಿಗಳನ್ನು ಹತ್ತುತ್ತವೆ. ಇನ್ನಷ್ಟು ಬೆಳೆದವು ಮಂಗನನ್ನೂ ಮನುಷ್ಯನನ್ನೂ ಕಚ್ಚುತ್ತವೆ. ದನ ವೈರಸ್ ಹರಡುವುದಿಲ್ಲ, ಉಣುಗಿನ ಸಂತಾನ ಹೆಚ್ಚಿಸುತ್ತದೆ ಅಷ್ಟೆ. ಸತ್ತ ಮಂಗನ ಮೈಯಿಂದ ಉದುರಿದ ಉಣುಗುಗಳಿಂದ ಆ ಜಾಗವೇ ಅಪಾಯದ ತಾಣವಾಗುತ್ತದೆ. ಬೊಶೆಲ್ 1969ರಲ್ಲಿ ಇದನ್ನೆಲ್ಲ ಬರೆದರು. ವೈರಸ್ ಬಹಳ ಹಿಂದಿನಿಂದ ಕಾಡಿನೊಳಗೆ ಇದ್ದಿರಬೇಕು, ಕಾಡಿನ ಅಂಚನ್ನು ನಾವು ಬದಲಿಸಿದ್ದರಿಂದ ಅದು ಹೊರಬಿತ್ತು ಎಂಬುದು ಅವರ ವಿವರಣೆಯ ತಿರುಳು.

ಇದು ಬರೀ ಪುಸ್ತಕದ ಮಾತಾಗಿ ಉಳಿಯಲಿಲ್ಲ. 1983ರ ಸುಮಾರಿಗೆ ಬೆಳ್ತಂಗಡಿ ತಾಲ್ಲೂಕಿನ ನಿಡ್ಲೆಯಲ್ಲಿ ಗೇರು ತೋಟಕ್ಕಾಗಿ ಕಾಡು ಸವರಿದಾಗ ಸಾವಿರಕ್ಕೂ ಹೆಚ್ಚು ಜನ ಕಾಯಿಲೆ ಬಿದ್ದರು. 2012ರಿಂದೀಚೆಗೆ ಬಂಡೀಪುರ, ವಯನಾಡು, ಗೋವಾ, ಸಿಂಧುದುರ್ಗದಲ್ಲೂ ಇದು ಕಾಣಿಸಿಕೊಂಡಿದೆ. 2019ರಲ್ಲಿ ನಮ್ಮದೇ ಸಾಗರ ತಾಲ್ಲೂಕಿನ ಅರಳಗೋಡು ಈ ಕಾಯಿಲೆಯಿಂದ ಅನುಭವಿಸಿದ್ದನ್ನು ಇಲ್ಲಿಯ ಜನರಿಗೆ ನೆನಪಿಸಬೇಕಿಲ್ಲ. ನಿತ್ಯಹರಿದ್ವರ್ಣ ಕಾಡು, ತೋಟಗಳು ಒಂದರೊಳಗೊಂದು ಬೆರೆತಿರುವಲ್ಲಿ, ದನಗಳು ಹೆಚ್ಚಿರುವಲ್ಲಿ ಅಪಾಯ ಜಾಸ್ತಿ ಎಂದು ಈಚಿನ ಸಂಶೋಧನೆಯೂ ಹೇಳುತ್ತಿದೆ. ಈ ಕಾಯಿಲೆಗೆ ಕೊಡುತ್ತಿದ್ದ ಹಳೆಯ ಲಸಿಕೆಯನ್ನು, ಅದರ ಸಾಮರ್ಥ್ಯ ಸಾಲದೆಂದು, 2022ರಲ್ಲಿ ನಿಲ್ಲಿಸಿಯಾಯಿತು.

ಇಷ್ಟನ್ನು ತಿಳಿದೂ ಸೊಪ್ಪಿಗೆ, ಸೌದೆಗೆ ಬೆಟ್ಟ ಹತ್ತುವ ಹೆಂಗಸರಿಗೆ ಎಣ್ಣೆ ಬಾಟಲಿ ಕೊಟ್ಟು ‘ಜಾಗ್ರತೆ’ ಎನ್ನುವುದಷ್ಟೇ ನಮ್ಮ ಕರ್ತವ್ಯವೆಂದರೆ ಅದು ಅನ್ಯಾಯ. ತರಗೆಲೆ ತಾರದೆ ಕೊಟ್ಟಿಗೆಯೂ ನಡೆಯದು, ಅಡಿಕೆ ತೋಟವೂ ನಡೆಯದು. ದನ ಕಟ್ಟಿದವರನ್ನು ದೂರುವುದೂ ತಪ್ಪು. ಅಪಾಯ ತಂದೊಡ್ಡುವ ನಿರ್ಧಾರಗಳು ಎಷ್ಟೋ ಸಲ ಅವರ ಕೈಯಲ್ಲಿ ಇರುವುದಿಲ್ಲ.

ಆದ್ದರಿಂದ ತಮ್ಮಲ್ಲಿ, ತಮ್ಮ ಪತ್ರಿಕೆಯ ಮೂಲಕ ಸರ್ಕಾರದಲ್ಲಿ ನನ್ನ ಕೋರಿಕೆ ಇದು. ಯಾವ ಕಾಡಿನ ಉಣುಗುಗಳಲ್ಲಿ ವೈರಸ್ ಸಿಕ್ಕಿದೆ ಎಂಬುದು ಪ್ರಯೋಗಾಲಯದಿಂದ ಬಂದ ಕೂಡಲೇ ಆಯಾ ಗ್ರಾಮ ಪಂಚಾಯಿತಿಯ ಫಲಕದಲ್ಲಿ ಹಾಕಲಿ, ತರಗೆಲೆ ತರುವ ಕಾಲಕ್ಕೆ ಮೊದಲೇ ಹಾಕಲಿ. ಕಾಯಿಲೆಯ ಪ್ರದೇಶದಲ್ಲಿ ರಸ್ತೆಗೋ ನೆಡುತೋಪಿಗೋ ಕಾಡಿನ ಅಂಚು ಕಡಿಯುವ ಮುನ್ನ ಆರೋಗ್ಯ ಇಲಾಖೆಯ ಅಭಿಪ್ರಾಯವನ್ನು ಬರವಣಿಗೆಯಲ್ಲಿ ಪಡೆಯಲಿ. ತಮ್ಮ ವರದಿಗಾರರು ಮುಂದಿನ ಬಾರಿ ಸತ್ತ ಮಂಗನ ಸುದ್ದಿ ಬರೆಯುವಾಗ, ಆ ಕಾಡಿನ ಅಂಚಿನಲ್ಲಿ ಹಿಂದಿನ ಎರಡು ಮೂರು ವರ್ಷಗಳಲ್ಲಿ ಏನೇನು ಬದಲಾಗಿದೆ ಎಂದು ಊರವರನ್ನು ಕೇಳಿ ಅದನ್ನೂ ಬರೆಯಲಿ.

ಇಂತಿ,
ನಿವೃತ್ತ ವಿಜ್ಞಾನ ಶಿಕ್ಷಕ, ಸಾಗರ