ಕಿಟಕಿ ಬೆಳಕು ತೋರಿಸಿಕೊಟ್ಟ ಅಣ್ಣಾರಿಗೆ

ಅಣ್ಣಾರೆ, ಕಲಬುರಗಿ ಸೂಪರ್ ಮಾರ್ಕೆಟ್ ಹತ್ತಿರ ನಿಂತಲ್ಲೇ ಕಿಟಕಿ ಬೆಳಕಲ್ಲಿ ಮಕ್ಕಳ ಫೋಟೊ ತೆಗೆಯುವ ಬಗ್ಗೆ ಇಷ್ಟೆಲ್ಲ ಹೇಳಿಕೊಟ್ಟಿರಿ, ನಿಮ್ಮ ಹೆಸರು ಕೇಳುವುದೇ ಉಳಿಯಿತು. ಮನಸಾರೆ ಶರಣು. ಹೊಸದಾಗಿ ಕ್ಯಾಮೆರಾ ಹಿಡಿದವರಿಗೆಲ್ಲ ನಿಮ್ಮ ಮಾತು ಮುಟ್ಟಲಿ.

ಮನೆಯೊಳಗೆ ಮಕ್ಕಳ ಫೋಟೊಕ್ಕೆ ಫ್ಲ್ಯಾಶ್ ಬೇಡ. ಟ್ಯೂಬ್‌ಲೈಟೂ ಆರಿಸಬೇಕು, ಕಿಟಕಿ ಬೆಳಕಿಗೆ ಅದು ಬೆರೆತರೆ ಅರ್ಧ ಮುಖಕ್ಕೆ ಒಂದು ಬಣ್ಣ, ಇನ್ನರ್ಧಕ್ಕೆ ಇನ್ನೊಂದು. ಮಗು ಕಿಟಕಿಯಿಂದ 3 ಅಡಿ ದೂರ, ಮುಖ ತುಸು ಕಿಟಕಿಯತ್ತ. ನಮ್ಮ ಕಡೆಯ ಬಿಸಿಲು ನೇರ ಒಳಗೆ ಬಿದ್ದರೆ ತೆಳ್ಳನೆಯ ಬಿಳಿ ಧೋತರ ಅಡ್ಡ ಕಟ್ಟಬೇಕು. ಶಹಾಬಾದ್ ಕಲ್ಲಿನ ನೆಲ ಬೆಳಕು ನುಂಗುತ್ತದೆ. ಮಗುವಿನ ಮುಂದೆ ಬಿಳಿ ಚಾದರ ಹಾಸಿದರೆ ಗದ್ದದ ಕೆಳಗಿನ ಕಪ್ಪು ತಿಳಿಯಾಗುತ್ತದೆ. ಎಷ್ಟು ಸರಳ!

ಮಕ್ಕಳು ಒಂದೆಡೆ ನಿಲ್ಲುವುದಿಲ್ಲ, ಶಟರ್, ಅಂದರೆ ಕ್ಯಾಮೆರಾ ಬೆಳಕು ಒಳಗೆ ಬಿಡುವ ಹೊತ್ತು, 1/250 ಸೆಕೆಂಡ್ ಇರಲಿ. ಅದಕ್ಕಾಗಿ ಐಎಸ್ಒ, ಅಂದರೆ ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ, 1600ಕ್ಕೆ ಏರಿದರೂ ಸರಿ. ಚಿತ್ರ ಸ್ವಲ್ಪ ಕಾಳುಕಾಳಾದರೆ ನಡೆಯುತ್ತದೆ, ಅಲುಗಿದ ಕಣ್ಣು ನಡೆಯುವುದಿಲ್ಲ. ಎಫ್ ಅಂಕಿ ಚಿಕ್ಕದಾದಷ್ಟೂ ಲೆನ್ಸಿನ ಬಾಯಿ ದೊಡ್ಡದು, ಸ್ಪಷ್ಟವಾಗಿ ಕಾಣುವ ಆಳ ಕಡಿಮೆ. 50 ಎಂಎಂ ಲೆನ್ಸನ್ನು ಎಫ್/1.8ಕ್ಕೆ ತೆರೆದರೆ ಹತ್ತಿರದಿಂದ ತೆಗೆದಾಗ ಒಂದು ಕಣ್ಣು ಸ್ಪಷ್ಟ, ಇನ್ನೊಂದು ಮಸುಕು. ಒಂದು ಮಗುವಿಗೆ ಎಫ್/2.8, ಇಬ್ಬರಿದ್ದರೆ ಎಫ್/4. ಫೋಕಸ್ ಹತ್ತಿರದ ಕಣ್ಣಿನ ಮೇಲೆ. ನೆಲಕ್ಕೆ ಕೂತು ಮಗುವಿನ ಕಣ್ಣಿನ ಮಟ್ಟಕ್ಕೆ ಕ್ಯಾಮೆರಾ ಹಿಡಿದಾಗ, ಕರಿಗುಡ್ಡೆಯೊಳಗೆ ಕಿಟಕಿಯ ಪುಟ್ಟ ಚೌಕ ಮಿನುಗಿತೆಂದರೆ ಬೆಳಕು ಸರಿಯಾಗಿ ಬಿದ್ದಿದೆ.